ನೇಪಾಳ: ಊರು ನೋಡೋದಾ, ಕ್ಷೇತ್ರಕ್ಕೆ ಹೋಗೋದಾ, ಚಾರಣ ಮಾಡೋದಾ?

"ಒಂದು ವಾರ ರಜೆ ಇದೆ. ಕಠ್ಮಂಡು, ಪೋಖರಾ, ಮುಕ್ತಿನಾಥ ಮುಗಿಸಿಕೊಂಡು, ಸಾಧ್ಯವಾದರೆ ಒಂದು ಸಣ್ಣ ಟ್ರೆಕ್ಕೂ ಮಾಡಿಬರೋಣ ಅಂತಿದ್ದೀವಿ." ನೇಪಾಳದ ಮಾತು ಬಂದರೆ ನಮ್ಮವರ ಬಾಯಲ್ಲಿ ಬರುವ ಮೊದಲ ಯೋಜನೆ ಇದೇ. ನಕ್ಷೆ ನೋಡಿದರೆ ತಪ್ಪು ಅನ್ನಿಸುವುದಿಲ್ಲ. ಕಠ್ಮಂಡುವಿನಿಂದ ಪೋಖರಾಕ್ಕೆ ಬರೀ 200 ಕಿಲೋಮೀಟರ್. ಬೆಂಗಳೂರಿನಿಂದ ಹಾಸನ ದಾಟಿ ಸ್ವಲ್ಪ ಮುಂದೆ ಹೋದಷ್ಟು. ಆದರೆ ಅಲ್ಲಿ ಅಷ್ಟು ದೂರಕ್ಕೆ ಬಸ್ಸಿನಲ್ಲಿ ಏಳೆಂಟು ಗಂಟೆ ಬೇಕು. ರಸ್ತೆ ಕೆಲಸ ನಡೆಯುತ್ತಿದ್ದರೆ ಇನ್ನೂ ಜಾಸ್ತಿ.

ನೇಪಾಳದಲ್ಲಿ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ. ಗಂಟೆ, ಎತ್ತರ, ಹವಾಮಾನ, ಈ ಮೂರೇ ಲೆಕ್ಕ. ಹಾಗಾಗಿ ಏನೇನು ಸೇರಿಸೋಣ ಅನ್ನುವುದಕ್ಕಿಂತ ಏನನ್ನು ಬಿಡೋಣ ಅಂತ ಮೊದಲು ಕೂತು ತೀರ್ಮಾನಿಸಿ. ಊರು, ಕ್ಷೇತ್ರ, ಚಾರಣ ಮೂರರಲ್ಲಿ ಒಂದು ಮುಖ್ಯ, ಇನ್ನೊಂದು ಜೊತೆಗೆ. ಮೂರನೆಯದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಹತ್ತು ದಿನಕ್ಕಿಂತ ಕಡಿಮೆ ಇದ್ದರೆ ಈ ಮಾತಿಗೆ ವಿನಾಯಿತಿಯೇ ಇಲ್ಲ.

ವಿಮಾನವೋ, ಗೋರಖಪುರದ ದಾರಿಯೋ

ಹೆಚ್ಚಿನವರು ದೆಹಲಿಯಲ್ಲಿ ಇಳಿದು, ಅಲ್ಲಿಂದ ಕಠ್ಮಂಡುವಿಗೆ ವಿಮಾನ ಹಿಡಿಯುತ್ತಾರೆ. ಸಮಯ ಕಡಿಮೆ ಇದ್ದವರಿಗೆ ಇದೇ ಸರಿ. ಹೋಗುವಾಗ ಎಡಗಡೆ ಕಿಟಕಿ ಕೇಳಿ. ಮೋಡ ಇಲ್ಲದಿದ್ದರೆ ಹಿಮಾಲಯದ ಸಾಲು ಆ ಕಡೆಗೇ ಬರುತ್ತದೆ. ಪೂರ್ವಕ್ಕೆ ಹಾರುವಾಗ ಉತ್ತರ ಎಡಕ್ಕೇ ಇರುತ್ತದೆ ನಿಜ, ಆದರೆ ಇಳಿಯುವ ಮೊದಲು ವಿಮಾನ ಸುತ್ತು ಹಾಕುವ ಬಗೆ ದಿನಕ್ಕೊಂದು ಥರ.

ಇನ್ನೊಂದು ದಾರಿ ಗೋರಖಪುರದ್ದು. ಯಶವಂತಪುರದಿಂದ ಗೋರಖಪುರಕ್ಕೆ ರೈಲಿದೆ, ಹೆಚ್ಚುಕಡಿಮೆ ಎರಡು ದಿನದ ಪ್ರಯಾಣ. ಅಲ್ಲಿಂದ ಸುನೌಲಿ ಗಡಿಗೆ ಬಸ್ಸು, ಜೀಪು ಸಿಗುತ್ತವೆ. ಗಡಿ ನಡೆದೇ ದಾಟಬಹುದು. ಕಾಶಿ, ಅಯೋಧ್ಯೆ ಮುಗಿಸಿ ಮುಂದೆ ಹೋಗುವ ಯಾತ್ರಿಕರಿಗೆ ಈ ದಾರಿಯೇ ಅನುಕೂಲ. ಗಡಿ ದಾಟಿದ ಕೂಡಲೇ ಲುಂಬಿನಿ ಹತ್ತಿರವೇ ಸಿಗುತ್ತದೆ. ಆದರೆ ಬರೀ ಕಠ್ಮಂಡು ನೋಡಬೇಕು ಅನ್ನುವವರು ದುಡ್ಡು ಉಳಿಸಲು ಈ ದಾರಿ ಹಿಡಿಯಬೇಡಿ. ಉಳಿಸಿದ್ದು ಸುಸ್ತಿನಲ್ಲಿ ಹೋಗುತ್ತದೆ.

ಭಾರತೀಯರಿಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ ದೊಡ್ಡವರ ಹತ್ತಿರ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲೇಬೇಕು, ಅದೂ ಮೂಲ ಪ್ರತಿ. ಆಧಾರ್ ಒಂದನ್ನೇ ಹಿಡಿದುಕೊಂಡು ಹೋಗಿ ಕೌಂಟರಿನಲ್ಲಿ ಪೇಚಾಡುವವರು ಈಗಲೂ ಇದ್ದಾರೆ. ಅಮೆರಿಕದಲ್ಲಿರುವ ಮಗ, ಸೊಸೆ, ಮೊಮ್ಮಕ್ಕಳು ಜೊತೆಗೆ ಬರುವುದಿದ್ದರೆ ಇನ್ನೊಂದು ವಿಷಯ: ಓಸಿಐ ಕಾರ್ಡ್ (ಸಾಗರೋತ್ತರ ಭಾರತೀಯರ ಕಾರ್ಡ್) ನೇಪಾಳದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವಿದೇಶಿ ಪಾಸ್‌ಪೋರ್ಟ್ ಇದ್ದವರು ವೀಸಾ ತೆಗೆದುಕೊಳ್ಳಬೇಕು. ಅದು ಕಠ್ಮಂಡು ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ.

ಕಠ್ಮಂಡು ಕಣಿವೆಯೋ, ಪೋಖರಾವೋ

ಪೋಖರಾ ನೋಡಿದ ಕೂಡಲೇ ಇಷ್ಟವಾಗುವ ಊರು. ಫೇವಾ ಕೆರೆ, ಅದರ ನಡುವಿನ ತಾಲ್ ಬಾರಾಹಿ ಗುಡಿ, ಹಿಂದೆ 6,993 ಮೀಟರ್ ಎತ್ತರದ ಮಚ್ಛಾಪುಚ್ಛ್ರೆ. ಬೆಳಗ್ಗೆ ಸಾರಂಗಕೋಟದಲ್ಲಿ ಸೂರ್ಯೋದಯ, ಸಂಜೆ ಕೆರೆ ದಂಡೆಯಲ್ಲಿ ಚಹಾ. ಗಲಾಟೆ ಕಡಿಮೆ, ಗಾಳಿ ಚೆನ್ನ. ಕಠ್ಮಂಡುವಿನಲ್ಲಿ ಇದ್ಯಾವುದೂ ಇಲ್ಲ. ಧೂಳು, ಟ್ರಾಫಿಕ್, ಬೈಕುಗಳ ಹಾರ್ನ್. ಅದಕ್ಕೇ ಪ್ಯಾಕೇಜ್‌ನವರು ಕಠ್ಮಂಡುವಿಗೆ ಒಂದೂವರೆ ದಿನ ಕೊಟ್ಟು, ಪೋಖರಾಕ್ಕೆ ಮೂರು ದಿನ ಇಡುತ್ತಾರೆ.

ನನ್ನ ಪ್ರಕಾರ ಇದು ತಲೆಕೆಳಗು. ಪೋಖರಾದಲ್ಲಿ ನೋಡುವುದು ಎರಡು ದಿನಕ್ಕೆ ಮುಗಿಯುತ್ತದೆ. ಡೇವಿಸ್ ಫಾಲ್ಸ್ ಮಳೆಗಾಲ ಬಿಟ್ಟರೆ ಸುಮ್ನೆ ಟಿಕೆಟ್ ದಂಡ. ನಮ್ಮ ಜೋಗ ನೋಡಿದವರಿಗೆ ಅಲ್ಲಿ ಏನೂ ಅನ್ನಿಸುವುದಿಲ್ಲ. ಕಠ್ಮಂಡು ಕಣಿವೆಯಾದರೋ ಒಂದು ಊರಲ್ಲ, ಮೂರು. ಕಠ್ಮಂಡು, ಪಾಟನ್, ಭಕ್ತಪುರ, ಮೂರೂ ಒಂದು ಕಾಲಕ್ಕೆ ಬೇರೆ ಬೇರೆ ಮಲ್ಲ ರಾಜರ ರಾಜಧಾನಿಗಳು. ಮೂರಕ್ಕೂ ಒಂದೊಂದು ಅರಮನೆ ಚೌಕ. ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು ಗುಡಿ ಕಟ್ಟಿಸಿದವರು. ಆ ಪೈಪೋಟಿಯ ಫಲ ಇವತ್ತು ನಮಗೆ ನೋಡಲು ಸಿಗುತ್ತಿದೆ.

ಮೂರರಲ್ಲಿ ಒಂದನ್ನೇ ಆರಿಸಬೇಕಾದರೆ ಭಕ್ತಪುರ. ಚೌಕದೊಳಗೆ ವಾಹನ ಕಡಿಮೆ. ಐದು ಅಂತಸ್ತಿನ ನ್ಯಾತಪೋಲ ಗುಡಿಯನ್ನು ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ. 2015ರ ಏಪ್ರಿಲ್ 25ರ ಭೂಕಂಪ ಸುತ್ತಲಿನ ಎಷ್ಟೋ ಗುಡಿಗಳನ್ನು ಕೆಡವಿತು, ಇದು ನಿಂತಿತು. ಕುಂಬಾರರ ಚೌಕದಲ್ಲಿ ಈಗಲೂ ಮಡಕೆ ಒಣಗುತ್ತಿರುತ್ತವೆ. ಮಣ್ಣಿನ ಕುಡಿಕೆಯಲ್ಲಿ ಕೊಡುವ ಗಟ್ಟಿ ಮೊಸರು, ಜುಜು ಧೌ, ತಿನ್ನದೆ ಬರಬೇಡಿ.

ಭಕ್ತಪುರದಲ್ಲಿ ಕನ್ನಡಿಗರ ಕುತೂಹಲ ಕೆರಳಿಸುವ ಇನ್ನೊಂದು ಕಥೆ ಇದೆ. 1097ರಲ್ಲಿ ನಾನ್ಯದೇವ ಎಂಬ ರಾಜ ಮಿಥಿಲೆಯಲ್ಲಿ ಆಳ್ವಿಕೆ ಶುರುಮಾಡಿದ. ಅವನ ಮನೆತನಕ್ಕೆ ಚರಿತ್ರೆಯಲ್ಲಿ ಕರ್ಣಾಟ ವಂಶ ಅಂತಲೇ ಹೆಸರು. ಮೂಲ ನಮ್ಮ ಕಡೆಯದು. ರಾಜಧಾನಿ ಸಿಮ್ರೌನ್‌ಗಢ, ಈಗಿನ ನೇಪಾಳದ ದಕ್ಷಿಣದ ಬಯಲುಸೀಮೆ ತರಾಯಿಯಲ್ಲಿದೆ. ತುಘಲಕ್ ಸೇನೆ ದಾಳಿ ಮಾಡಿದಾಗ ಕೊನೆಯ ರಾಜ ಹರಿಸಿಂಹದೇವ ಬೆಟ್ಟಗಳ ಕಡೆ ಓಡಿದ. ಅವನ ಮನೆಯವರು ಕುಲದೇವತೆ ತಲೇಜು ಭವಾನಿಯನ್ನು ಭಕ್ತಪುರಕ್ಕೆ ತಂದರು ಅನ್ನುವುದು ಅಲ್ಲಿನ ನಂಬಿಕೆ. ಮುಂದಿನ ಮಲ್ಲ ರಾಜರೂ ತಾವು ಆ ವಂಶದವರೇ ಅಂತ ಹೇಳಿಕೊಂಡರು. ಅರಮನೆಯೊಳಗಿನ ತಲೇಜು ಗುಡಿಯ ಬಾಗಿಲು ನೋಡುವಾಗ ಇದು ನೆನಪಿರಲಿ.

ಪಾಟನ್ ಶಿಲ್ಪದ ಹುಚ್ಚಿರುವವರಿಗೆ. ಕಣಿವೆಯ ಗುಡಿಗಳು ಬಹುಪಾಲು ಇಟ್ಟಿಗೆ, ಮರದವು. ಪಾಟನ್ನಿನ ಕೃಷ್ಣ ಮಂದಿರವಾದರೋ ಕಲ್ಲಿನದು. ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಮುಗಿಸಿದ. ಒಂದು ಅಂತಸ್ತಿನಲ್ಲಿ ಮಹಾಭಾರತ, ಅದರ ಮೇಲಿನದರಲ್ಲಿ ರಾಮಾಯಣದ ಕೆತ್ತನೆ. ಬೇಲೂರು, ಹಳೇಬೀಡಿನ ಪಟ್ಟಿಕೆಗಳನ್ನು ಕಂಡವರು ಇಲ್ಲಿ ಕತ್ತೆತ್ತಿ ನಿಂತುಬಿಡುತ್ತಾರೆ. ಪಕ್ಕದ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ.

ಉಳಿದುಕೊಳ್ಳುವುದೆಲ್ಲಿ? ಕಠ್ಮಂಡುವಿನ ಪ್ರವಾಸಿ ಕೇರಿಯಾದ ಥಮೆಲ್‌ನಲ್ಲಿ ಹೋಟೆಲು, ಅಂಗಡಿ, ಚಾರಣದ ಸಾಮಾನು ಎಲ್ಲ ಸಿಗುತ್ತವೆ, ರಾತ್ರಿ ಸಂಗೀತದ ಗದ್ದಲವೂ ಸಿಗುತ್ತದೆ. ಅಪ್ಪ ಅಮ್ಮನ ಜೊತೆ ಹೋಗುವವರು ಬೌದ್ಧನಾಥ ಸ್ತೂಪದ ಸುತ್ತಮುತ್ತ ಉಳಿಯಿರಿ. ಪಶುಪತಿನಾಥಕ್ಕೂ ವಿಮಾನ ನಿಲ್ದಾಣಕ್ಕೂ ಹತ್ತಿರ. ಸಂಜೆ ನೂರಾರು ಜನ ಮಣಿ ಎಣಿಸುತ್ತಾ ಸ್ತೂಪ ಸುತ್ತುವಾಗ ನೀವೂ ಅವರ ಜೊತೆ ಒಂದೆರಡು ಸುತ್ತು ಹಾಕಬಹುದು. ನೋಡುವ ಎಷ್ಟೋ ಜಾಗಗಳಿಗಿಂತ ಇದು ಚೆನ್ನ.

ಯಾವ ಕ್ಷೇತ್ರ?

ಪಶುಪತಿನಾಥ ಎಲ್ಲರ ಪಟ್ಟಿಯಲ್ಲೂ ಇರುತ್ತದೆ, ಇರಲೂಬೇಕು. ಬಾಗ್ಮತಿ ದಂಡೆಯ ಈ ಗುಡಿಯಲ್ಲಿ ಮೂರ್ತಿ ಮುಟ್ಟಿ ಪೂಜೆ ಮಾಡುವ ಹಕ್ಕು ದಕ್ಷಿಣ ಭಾರತದಿಂದ ಬರುವ ಭಟ್ಟರಿಗೆ ಮಾತ್ರ. ಈಚಿನ ದಶಕಗಳಲ್ಲಿ ಹಾಗೆ ಬಂದವರು ಬಹುಪಾಲು ಕರ್ನಾಟಕದ ಕರಾವಳಿ, ಮಲೆನಾಡಿನ ಕಡೆಯವರು. ಹಿರಿಯ ಅರ್ಚಕರನ್ನು ಮೂಲ ಭಟ್ಟ ಅನ್ನುತ್ತಾರೆ. ಈ ಪದ್ಧತಿಗೆ ವಿರೋಧವೂ ಬಂದಿದೆ. 2009ರಲ್ಲಿ ಹೊಸದಾಗಿ ನೇಮಕವಾದ ಕರ್ನಾಟಕದ ಇಬ್ಬರು ಭಟ್ಟರ ಮೇಲೆ ಹಲ್ಲೆ ನಡೆದು ದೊಡ್ಡ ಸುದ್ದಿಯಾಗಿತ್ತು. ಪದ್ಧತಿ ಮುಂದುವರಿಯಿತು.

ಬೆಳಗ್ಗೆ ಹೋಗಿ. ನಾಲ್ಕು ದಿಕ್ಕಿಗೂ ಮುಖವಿರುವ ಲಿಂಗ, ನಾಲ್ಕು ಬಾಗಿಲು. ಬೆಳಗಿನ ಹೊತ್ತು ನಾಲ್ಕೂ ಕಡೆಯಿಂದ ದರ್ಶನ ಸಿಗುತ್ತದೆ. ಚರ್ಮದ ಬೆಲ್ಟ್, ಪರ್ಸು ಹೊರಗೇ ಬಿಡಬೇಕು. ಒಳಗೆ ಫೋಟೊ ತೆಗೆಯುವಂತಿಲ್ಲ. ಸಂಜೆ ಮತ್ತೆ ಬಂದು ನದಿಯ ಆಚೆ ದಂಡೆಯ ಮೆಟ್ಟಿಲ ಮೇಲೆ ಕೂತು ಆರತಿ ನೋಡಿ. ಎದುರಿಗೇ ಆರ್ಯಘಾಟಿನಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ಚಿಕ್ಕ ಮಕ್ಕಳಿದ್ದರೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಶನಿವಾರ ಅಲ್ಲಿ ವಾರದ ರಜೆ, ಆ ದಿನ ಜನ ಜಾಸ್ತಿ.

ಜನಕಪುರ ಮತ್ತು ಲುಂಬಿನಿ ಎರಡೂ ತರಾಯಿಯ ಬಯಲಿನಲ್ಲಿವೆ. ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಲು ಹೋಗಬೇಡಿ. ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಸೀತೆಯ ತವರಾದ ಜನಕಪುರಕ್ಕೆ ಹೋಗಲು ಕಠ್ಮಂಡುವಿಗಿಂತ ಬಿಹಾರವೇ ಸುಲಭ. 2022ರಿಂದ ಜಯನಗರದಿಂದ ಅಲ್ಲಿಗೆ ರೈಲು ಓಡುತ್ತಿದೆ. ಜಾನಕಿ ಮಂದಿರ ತುಂಬ ಹಳೆಯದೇನಲ್ಲ. ಟೀಕಮ್‌ಗಢದ ರಾಣಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು, ನೋಡಲು ಅರಮನೆಯ ಥರ ಇದೆ. ವಿವಾಹ ಪಂಚಮಿಯ ಹೊತ್ತಿಗೆ ಹೋದರೆ ಮಾತ್ರ ಆ ಊರಿನ ನಿಜವಾದ ಸಡಗರ ಸಿಗುತ್ತದೆ.

ಲುಂಬಿನಿ ಇನ್ನೊಂದು ಬಗೆ. ಬುದ್ಧ ಹುಟ್ಟಿದ ಜಾಗ, ಮಾಯಾದೇವಿ ಮಂದಿರ, ಅದರ ಪಕ್ಕದಲ್ಲೇ ಅಶೋಕನ ಕಂಬ. ಮಸ್ಕಿ, ಬ್ರಹ್ಮಗಿರಿಯ ಶಾಸನ ನೋಡಿದವರಿಗೆ ಅದೇ ಅಶೋಕ ಇಲ್ಲಿಗೂ ಬಂದು ಬರೆಸಿದ್ದಾನಲ್ಲ ಅನ್ನಿಸುತ್ತದೆ. ಸುತ್ತ ಬೇರೆ ಬೇರೆ ದೇಶದವರು ಕಟ್ಟಿದ ವಿಹಾರಗಳು ಹರಡಿವೆ. ನಡೆದು ನೋಡಲು ಹೋದರೆ ಕಾಲು ಬೀಳುತ್ತದೆ, ಸೈಕಲ್ಲೋ ಇ-ರಿಕ್ಷಾವೋ ಹಿಡಿಯಿರಿ. ಗೋರಖಪುರದ ದಾರಿಯಲ್ಲಿ ಬರುವವರು ಬಿಡಬೇಡಿ. ಕಠ್ಮಂಡುವಿನಿಂದ ಇದೊಂದಕ್ಕೇ ಬರುವ ಅಗತ್ಯವಿಲ್ಲ. ಏಪ್ರಿಲ್, ಮೇನಲ್ಲಿ ಎರಡೂ ಕಡೆ ರಾಯಚೂರಿನ ಬಿಸಿಲು.

ಮನಕಾಮನಾ ದೇವಿಯ ಗುಡಿ ಪೋಖರಾ ದಾರಿಯಲ್ಲೇ ಸಿಗುತ್ತದೆ. ಕೇಬಲ್ ಕಾರಿನಲ್ಲಿ ಹತ್ತು ನಿಮಿಷ. ದಾರಿಯ ಬೇಸರ ಕಳೆಯಲು ಒಳ್ಳೆಯದು. ಹಬ್ಬದ ದಿನ ಸಾಲು ನೋಡಿ ವಾಪಸ್ ಬನ್ನಿ.

ಮುಕ್ತಿನಾಥಕ್ಕೆ ಹೇಗೆ ಹೋಗುವುದು

ನಮ್ಮವರ ಮನಸ್ಸು ಇರುವುದು ಮುಕ್ತಿನಾಥದ ಮೇಲೆ. ಶ್ರೀವೈಷ್ಣವರಿಗೆ ಇದು 108 ದಿವ್ಯದೇಶಗಳಲ್ಲಿ ಒಂದು. ಕೆಳಗೆ ಹರಿಯುವ ಕಾಳಿ ಗಂಡಕಿ ಸಾಲಿಗ್ರಾಮದ ನದಿ. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಈ ಕಣಿವೆಯಿಂದಲೇ ಬಂದದ್ದು. ಹಿಮಾಲಯ ಏಳುವ ಮೊದಲು ಇಲ್ಲಿ ಸಮುದ್ರವಿತ್ತು, ಅದರ ಜೀವಿಗಳ ಪಳೆಯುಳಿಕೆ ಇದು ಅನ್ನುತ್ತಾರೆ ಭೂವಿಜ್ಞಾನಿಗಳು. ಗುಡಿಯ ಹಿಂದೆ 108 ಧಾರೆಗಳು, ಮುಂದೆ ಎರಡು ಕುಂಡ. ನೀರು ಮೈ ಕೊರೆಯುತ್ತದೆ. ಪಕ್ಕದ ಜ್ವಾಲಾಮಾಯಿ ಗುಡಿಯಲ್ಲಿ ನೆಲದಡಿಯ ಅನಿಲದಿಂದ ಪುಟ್ಟ ಜ್ವಾಲೆ ಉರಿಯುತ್ತದೆ. ಬೌದ್ಧರಿಗೂ ಇದು ದೊಡ್ಡ ಕ್ಷೇತ್ರ.

ಎತ್ತರ ಸುಮಾರು 3,700 ಮೀಟರ್. ಪೋಖರಾ ಇರುವುದು 800ರ ಆಸುಪಾಸಿನಲ್ಲಿ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಎಲ್ಲ ತೊಂದರೆ ಇದೆ.

ವಿಮಾನದಲ್ಲಿ ಹೋದರೆ ಪೋಖರಾದಿಂದ ಮುಕ್ತಿನಾಥಕ್ಕೆ ಹತ್ತಿರದ ನಿಲ್ದಾಣವಾದ ಜೋಮ್‌ಸೋಮ್‌ಗೆ ಇಪ್ಪತ್ತು ನಿಮಿಷ ಚಿಲ್ಲರೆ. ಒಂದು ಕಡೆ ಅನ್ನಪೂರ್ಣಾ, ಇನ್ನೊಂದು ಕಡೆ ಧವಳಗಿರಿ, ನಡುವೆ ಕಣಿವೆಯಲ್ಲಿ ವಿಮಾನ ಸಾಗುತ್ತದೆ. ಆದರೆ ಹೊತ್ತೇರಿದ ಹಾಗೆ ಕಣಿವೆಯಲ್ಲಿ ಗಾಳಿ ಏಳುತ್ತದೆ, ಅದಕ್ಕೆ ಎಲ್ಲ ವಿಮಾನಗಳೂ ಬೆಳಗ್ಗೆ ಮಾತ್ರ. ಪೋಖರಾದಲ್ಲಿ ಮಂಜು ಇದ್ದರೆ ಆ ದಿನದ್ದು ರದ್ದು. ಎರಡು ದಿನ ಕಾದು ವಾಪಸ್ ಹೋದವರಿದ್ದಾರೆ. 2022ರ ಮೇನಲ್ಲಿ ಇದೇ ದಾರಿಯಲ್ಲಿ ವಿಮಾನ ಬಿದ್ದು 22 ಜನ ತೀರಿಕೊಂಡರು ಅನ್ನುವುದೂ ಗೊತ್ತಿರಲಿ. ಹೆದರಿಸಲು ಹೇಳುತ್ತಿಲ್ಲ. ಹವಾಮಾನ ಸರಿ ಇಲ್ಲ ಅಂತ ವಿಮಾನ ನಿಲ್ಲಿಸಿದರೆ ಕೌಂಟರಿನಲ್ಲಿ ಜಗಳ ಮಾಡಬೇಡಿ ಅಂತಷ್ಟೇ.

ಜೀಪಿನಲ್ಲಿ ಬೇನಿ, ತಾತೋಪಾನಿ, ಮಾರ್ಫಾ ದಾಟಿ ಹೋಗಬೇಕು. ಒಂದೇ ಏಟಿಗೆ ಹೋದರೆ ಹತ್ತು ಗಂಟೆ ಹಿಡಿಯಬಹುದು. ರಸ್ತೆ ಕೆಲವು ಕಡೆ ಚೆನ್ನಾಗಿದೆ, ಕೆಲವು ಕಡೆ ರಸ್ತೆಯೇ ಇಲ್ಲ ಅನ್ನಬೇಕು. ಬೆನ್ನು ನೋವಿರುವವರಿಗೆ ಕಷ್ಟ.

ಹಾಗಿದ್ದರೂ ನಾನು ಜೀಪಿನ ಕಡೆಗೇ, ಒಂದು ಷರತ್ತಿನ ಮೇಲೆ. ದಾರಿಯನ್ನು ಎರಡು ತುಂಡು ಮಾಡಿ. ಮೊದಲ ದಿನ ಮಾರ್ಫಾ ಅಥವಾ ಜೋಮ್‌ಸೋಮ್‌ವರೆಗೆ, ಅಂದರೆ 2,700 ಮೀಟರಿನ ಸುತ್ತಮುತ್ತ ಮಲಗಿ. ಮಾರ್ಫಾ ಸೇಬಿನ ಊರು, ಬಿಳಿ ಸುಣ್ಣದ ಮನೆಗಳ ಸಾಲು, ಉಳಿಯಲು ಚೆನ್ನಾಗಿದೆ. ಮರುದಿನ ಬೆಳಗ್ಗೆ ಮುಕ್ತಿನಾಥ ದರ್ಶನ ಮಾಡಿ, ಮಧ್ಯಾಹ್ನವೇ ಕೆಳಗಿಳಿದುಬಿಡಿ. ಬರುವಾಗ ಕಾಗಬೇನಿಯಲ್ಲಿ ಪಿತೃಕಾರ್ಯ ಮಾಡುವವರು ಮಾಡಬಹುದು. ಮೇಲೆ ಮಲಗದೇ ಇದ್ದರೆ ವಯಸ್ಸಾದವರಿಗೆ ತಲೆನೋವು, ವಾಕರಿಕೆ, ನಿದ್ದೆಗೆಡುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಹೃದಯದ ತೊಂದರೆ, ಉಸಿರಾಟದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಹೊರಡಲೇಬೇಡಿ.

ಹೆಲಿಕಾಪ್ಟರ್ ಕೂಡ ಇದೆ. ಹೋಗಿ, ದರ್ಶನ ಮಾಡಿ, ತಿಂಡಿ ಹೊತ್ತಿಗೆ ಪೋಖರಾಕ್ಕೆ ವಾಪಸ್. ಮಂಡಿ ನೋವಿನ ಹಿರಿಯರಿಗೆ, ದುಡ್ಡಿದ್ದರೆ, ಅದೇ ಸರಿ. ರಾನಿಪೌವಾದ ಜೀಪು ನಿಲ್ದಾಣದಿಂದ ಗುಡಿಗೆ ಅರ್ಧ ಗಂಟೆ ಹತ್ತಬೇಕು, ಕುದುರೆ ಸಿಗುತ್ತವೆ. ಧಾರೆಗಳ ಕೆಳಗೆ ಓಡುವ ಸಾಹಸ ಎಲ್ಲರೂ ಮಾಡಬೇಕಿಲ್ಲ. ತಲೆಗೆ ಪ್ರೋಕ್ಷಣೆ ಮಾಡಿಕೊಂಡರೂ ಪುಣ್ಯ ಕಡಿಮೆಯಾಗುವುದಿಲ್ಲ ಅಂದುಕೊಂಡಿದ್ದೇನೆ.

ಮೊದಲ ಚಾರಣ ಯಾವುದು?

ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯುವ ಹುಡುಗರು ನೇರವಾಗಿ ಎವರೆಸ್ಟ್ ಬೇಸ್ ಕ್ಯಾಂಪ್ ಅನ್ನುತ್ತಾರೆ. ಕಾಲು ಗಟ್ಟಿ ಇರುವುದು ಒಳ್ಳೆಯದೇ. ಆದರೆ ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ನೇಪಾಳದಲ್ಲಿ ಚಾರಣದ ಮೊದಲ ರಾತ್ರಿಯೇ ಎಷ್ಟೋ ಸಲ ಅದಕ್ಕಿಂತ ಮೇಲಿರುತ್ತದೆ. ಎತ್ತರದ ಕಾಯಿಲೆಗೆ ನಿಮ್ಮ ಜಿಮ್ ಗೊತ್ತಿಲ್ಲ. ಗಟ್ಟಿಮುಟ್ಟಾದವರೇ ಬೇಗ ಬೇಗ ಹತ್ತಿ ಮೊದಲು ಮಲಗುತ್ತಾರೆ.

ನಾಲ್ಕೈದು ದಿನ ಮಾತ್ರ ಇದ್ದರೆ ಘೋರೆಪಾನಿ–ಪೂನ್ ಹಿಲ್. ತುದಿ 3,210 ಮೀಟರ್. ಉಲ್ಲೇರಿಗೆ ಹತ್ತುವ ಸಾವಿರಾರು ಕಲ್ಲು ಮೆಟ್ಟಿಲು ಬಿಟ್ಟರೆ ಕಷ್ಟವಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕಾಡಿಗೆ ಕಾಡೇ ಲಾಲಿಗುರಾಂಸ್ ಹೂವಿನಿಂದ ಕೆಂಪಾಗಿರುತ್ತದೆ. ಹತ್ತು ವರ್ಷ ದಾಟಿದ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಒಂದೇ ಬೇಸರ, ಸೂರ್ಯೋದಯಕ್ಕೆ ಜಾತ್ರೆ. ಜಾತ್ರೆ ಬೇಡ, ಇನ್ನೊಂದು ದಿನ ಇದೆ ಅನ್ನುವವರು ಮರ್ದಿ ಹಿಮಾಲ್ ನೋಡಿ. ಬೆಟ್ಟದ ಏಣಿನ ಮೇಲೇ ದಾರಿ, ಮಚ್ಛಾಪುಚ್ಛ್ರೆ ಕಣ್ಣೆದುರೇ. ಆದರೆ ತುದಿ 4,500 ಮೀಟರ್ ಮುಟ್ಟುತ್ತದೆ, ಏರುವುದೂ ಬೇಗ ಬೇಗ. ಹೈ ಕ್ಯಾಂಪಿನಿಂದ ಮುಂದಕ್ಕೆ ತಲೆ ಭಾರ ಅನ್ನಿಸಿದರೆ ಅಲ್ಲಿಗೇ ಸಾಕು.

ಅನ್ನಪೂರ್ಣಾ ಬೇಸ್ ಕ್ಯಾಂಪ್ 4,130 ಮೀಟರ್. ಒಂದು ವಾರ, ಎಂಟು ದಿನ. ಸುತ್ತಲೂ ಹಿಮದ ಗೋಡೆ, ನಡುವೆ ನೀವು. ಖರ್ಚಿಗೂ ಶ್ರಮಕ್ಕೂ ಹೋಲಿಸಿದರೆ ಇಷ್ಟು ದೊಡ್ಡ ನೋಟ ಕೊಡುವ ದಾರಿ ಇನ್ನೊಂದಿಲ್ಲ. ತೊಂದರೆ ಎರಡು. ಒಂದು, ಮೆಟ್ಟಿಲು. ಛೋಮ್ರೋಂಗ್‌ನಲ್ಲಿ ಹತ್ತಿದ್ದೆಲ್ಲ ಇಳಿದು ಮತ್ತೆ ಹತ್ತಬೇಕು, ಬರುವಾಗಲೂ ಅದೇ. ಮಂಡಿ ಗಟ್ಟಿ ಇರುವವರಿಗೆ ಮಾತ್ರ. ಇನ್ನೊಂದು, ದೇವರಾಲಿಯ ಆಸುಪಾಸಿನಲ್ಲಿ ಹಿಮ ಜಾರುವ ಜಾಗಗಳಿವೆ. 2020ರ ಜನವರಿಯಲ್ಲಿ ಅಲ್ಲಿ ಕೊರಿಯಾದ ಚಾರಣಿಗರೂ ನೇಪಾಳಿ ಗೈಡ್‌ಗಳೂ ಹಿಮಕುಸಿತಕ್ಕೆ ಸಿಕ್ಕರು. ಹಿಮ ಬಿದ್ದ ಮರುದಿನ ಗೈಡ್ ನಿಲ್ಲೋಣ ಅಂದರೆ ನಿಲ್ಲಿ.

ನನ್ನನ್ನು ಕೇಳಿದರೆ ಮೊದಲ ಚಾರಣಕ್ಕೆ ಲಾಂಗ್‌ಟಾಂಗ್. ಕಠ್ಮಂಡುವಿನಿಂದ ಸ್ಯಾಬ್ರುಬೇಸಿಗೆ ಒಂದು ದಿನದ ಜೀಪು, ವಿಮಾನದ ರಗಳೆ ಇಲ್ಲ. ದಾರಿ ನದಿಯ ಜೊತೆಗೇ ನಿಧಾನ ಏರುತ್ತದೆ, ಮೈ ಎತ್ತರಕ್ಕೆ ಹೊಂದಿಕೊಳ್ಳಲು ಸಮಯ ಕೊಡುತ್ತದೆ. ದಾರಿಯ ಕೊನೆಯ ಊರು ಕ್ಯಾಂಜಿನ್ ಗೊಂಪಾ 3,870 ಮೀಟರ್. ಅಲ್ಲೇ ಎರಡು ರಾತ್ರಿ ಉಳಿದು, ಶಕ್ತಿ ಇದ್ದರೆ ಪಕ್ಕದ ಕ್ಯಾಂಜಿನ್ ರಿ ಬೆಟ್ಟ ಹತ್ತಿ, ಇಲ್ಲದಿದ್ದರೆ ಊರಿನ ಚೀಸ್ ಕಾರ್ಖಾನೆ ನೋಡಿ ಬಿಸಿಲು ಕಾಯಿಸಿ. 2015ರ ಭೂಕಂಪದ ದಿನ ಮೇಲಿನಿಂದ ಹಿಮ, ಬಂಡೆ ಜಾರಿ ಲಾಂಗ್‌ಟಾಂಗ್ ಹಳ್ಳಿ ಹೂತುಹೋಯಿತು. ಉಳಿದವರು ಪಕ್ಕದಲ್ಲೇ ಊರು ಮತ್ತೆ ಕಟ್ಟಿದರು. ಹಳೆಯ ಊರಿನ ಮೇಲಿನ ಕಲ್ಲು ರಾಶಿ ದಾಟಿಯೇ ಮುಂದೆ ಹೋಗಬೇಕು. ಇಲ್ಲಿ ನೀವು ತಿನ್ನುವ ಊಟ, ಉಳಿಯುವ ಕೋಣೆಯ ದುಡ್ಡು ಆ ಮನೆಗಳಿಗೇ ಹೋಗುತ್ತದೆ.

ಅದೇ ಪ್ರದೇಶದ ಗೋಸಾಯಿಕುಂಡ ಚಾರಣವೂ ಹೌದು, ಕ್ಷೇತ್ರವೂ ಹೌದು. ಹಾಲಾಹಲ ಕುಡಿದ ಶಿವ ತ್ರಿಶೂಲ ಚುಚ್ಚಿ ನೀರು ತೆಗೆದ ಕೆರೆ ಅನ್ನುವ ಐತಿಹ್ಯ. ನೂಲ ಹುಣ್ಣಿಮೆಯ ದಿನ ಸಾವಿರಾರು ಜನ ಮಿಂದು ಜನಿವಾರ, ರಕ್ಷೆಯ ದಾರ ಕಟ್ಟಿಸಿಕೊಳ್ಳುತ್ತಾರೆ. ಆದರೆ 4,380 ಮೀಟರಿಗೆ ಮೂರೇ ದಿನದಲ್ಲಿ ಏರುವ ದಾರಿ ಇದು. ಭಕ್ತಿಯ ಭರದಲ್ಲಿ ಓಡಿ ಕಾಯಿಲೆ ಬೀಳುವವರು ಇಲ್ಲಿ ಬಹಳ. ಲಾಂಗ್‌ಟಾಂಗ್ ಮುಗಿಸಿ ಬಂದರೆ ಸುಲಭವಾಗುತ್ತದೆ.

ಎವರೆಸ್ಟ್ ಬೇಸ್ ಕ್ಯಾಂಪಿಗೆ ಹನ್ನೆರಡರಿಂದ ಹದಿನಾಲ್ಕು ದಿನ, ಮೇಲೆ ಎರಡು ದಿನ ಕಾಯ್ದಿರಿಸಿ. ಚಾರಣ ಶುರುವಾಗುವ ಲುಕ್ಲಾ ಊರಿಗೆ ಹೋಗುವ ವಿಮಾನ ಹವಾಮಾನದ ಕೈಯಲ್ಲಿದೆ. ಜನ ಜಾಸ್ತಿ ಇರುವ ತಿಂಗಳುಗಳಲ್ಲಿ ವಿಮಾನ ಕಠ್ಮಂಡುವಿನ ಬದಲು ರಾಮೇಛಾಪ್‌ನಿಂದ ಹೊರಡುತ್ತದೆ, ನಡುರಾತ್ರಿ ಎದ್ದು ನಾಲ್ಕೈದು ಗಂಟೆ ಜೀಪಿನಲ್ಲಿ ಹೋಗಬೇಕು. ಇಷ್ಟೆಲ್ಲ ಮಾಡಿ 5,364 ಮೀಟರಿನ ಬೇಸ್ ಕ್ಯಾಂಪ್ ತಲುಪಿದರೆ ಅಲ್ಲಿಂದ ಎವರೆಸ್ಟ್ ತುದಿ ಕಾಣುವುದೇ ಇಲ್ಲ. ಅದಕ್ಕೆ ಪಕ್ಕದ ಕಾಲಾ ಪತ್ಥರ್ ಹತ್ತಬೇಕು. ಹೆಸರಿಗಾಗಿ ಹೋಗುವವರಿಗೆ ನಿರಾಸೆ. ನಾಮ್ಚೆಯ ಸಂತೆ, ತೆಂಗ್ಬೋಚೆಯ ಗೊಂಪಾ (ಬೌದ್ಧ ಮಠ), ಶೆರ್ಪಾ ಮನೆಗಳ ಒಲೆ ಮುಂದಿನ ಸಂಜೆ, ಇವು ಬೇಕು ಅನ್ನುವವರಿಗೆ ಅದ್ಭುತ. ಸಮಯ ಕಡಿಮೆಯಿದ್ದರೆ ತೆಂಗ್ಬೋಚೆವರೆಗೆ ಹೋಗಿ ಬಂದರೂ ಎವರೆಸ್ಟ್, ಅಮಾ ದಬ್ಲಮ್ ಎರಡೂ ಕಾಣುತ್ತವೆ.

ಯಾವ ದಾರಿಯಾದರೂ ಒಂದು ನಿಯಮ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ. ತಲೆನೋವು ಹೆಚ್ಚುತ್ತಾ ಹೋದರೆ ಮಾತ್ರೆ ನುಂಗಿ ಮೇಲೆ ಹೋಗುವುದಲ್ಲ, ಕೆಳಗಿಳಿಯುವುದು. ಪ್ಯಾಕೇಜ್ ಆರಿಸುವಾಗ ಬೆಲೆಗಿಂತ ಮೊದಲು ದಿನದ ಪಟ್ಟಿ ಕೇಳಿ. ಒಂದು ದಿನ ಕಡಿಮೆ ಇಟ್ಟು ಅಗ್ಗ ಮಾಡಿದ್ದರೆ ಬಿಟ್ಟುಬಿಡಿ.

2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಅಂತ ನಿಯಮ ಬಂದಿದೆ. ಎಲ್ಲ ದಾರಿಯಲ್ಲೂ ಒಂದೇ ಥರ ಜಾರಿಯಲ್ಲಿಲ್ಲ. ಕಡ್ಡಾಯ ಇರಲಿ ಬಿಡಲಿ, ಮೊದಲ ಸಲ ಹೋಗುವವರು ಗೈಡ್ ಇಟ್ಟುಕೊಳ್ಳಿ. ಪರ್ಮಿಟ್ ಶುಲ್ಕದಲ್ಲಿ ಸಾರ್ಕ್ ದೇಶದವರಿಗೆ ದೊಡ್ಡ ರಿಯಾಯಿತಿ ಇದೆ, ಪಾಸ್‌ಪೋರ್ಟ್ ತೋರಿಸಿ ಕೇಳಿ ಪಡೆಯಿರಿ. ಪೋರ್ಟರ್ ಬೆನ್ನಿಗೆ 20 ಕಿಲೋ ದಾಟಿಸಬೇಡಿ, ಅವರ ಕಾಲಲ್ಲಿ ಸರಿಯಾದ ಶೂ ಇದೆಯಾ ಅಂತಲೂ ನೋಡಿ.

ಯಾವ ತಿಂಗಳು

ಅಕ್ಟೋಬರ್, ನವೆಂಬರ್ ಎಲ್ಲಕ್ಕೂ ಒಳ್ಳೆಯದು. ಆಕಾಶ ತೊಳೆದ ಹಾಗಿರುತ್ತದೆ. ಆದರೆ ಅದೇ ಹೊತ್ತಿಗೆ ನೇಪಾಳದ ದೊಡ್ಡ ಹಬ್ಬ ದಸೈನ್ ಬರುತ್ತದೆ. ನಮ್ಮ ದಸರಾ ರಜೆಯೂ ಆಗಲೇ ಅಲ್ವಾ? ಅಲ್ಲಿನವರೆಲ್ಲ ಊರಿಗೆ ಹೊರಡುವ ದಿನಗಳವು. ಬಸ್ಸು ಸಿಗುವುದಿಲ್ಲ, ಕಠ್ಮಂಡುವಿನ ಅಂಗಡಿ ಮುಚ್ಚಿರುತ್ತವೆ. ಹಬ್ಬ ಮುಗಿದ ವಾರ ಹೋಗಿ. ಮಾರ್ಚ್, ಏಪ್ರಿಲ್ ಹೂವಿಗೆ ಚೆನ್ನ, ಆದರೆ ಕಾಡ್ಗಿಚ್ಚಿನ ಹೊಗೆಯಿಂದ ಪೋಖರಾದಲ್ಲಿ ಶಿಖರ ಕಾಣದೇ ಇರಬಹುದು. ಡಿಸೆಂಬರ್, ಜನವರಿಯಲ್ಲಿ ಊರುಗಳು ಮತ್ತು ತರಾಯಿ ಹಿತ, ಮುಕ್ತಿನಾಥ ಬೇಡ.

ಮಳೆಗಾಲದಲ್ಲಿ ಟಿಕೆಟ್ ಅಗ್ಗ. ಮುಕ್ತಿನಾಥ ಮಳೆನೆರಳಿನ ಜಾಗ, ಅಲ್ಲಿ ಮಳೆ ಇಲ್ಲ ಅಂತ ಏಜೆಂಟರು ಹೇಳುತ್ತಾರೆ. ನಿಜ. ಆದರೆ ಅಲ್ಲಿಗೆ ಹೋಗುವ ರಸ್ತೆ ಮಳೆಯಲ್ಲೇ ಇದೆ. 2024ರ ಜುಲೈನಲ್ಲಿ ಸಿಮಲ್‌ತಾಲ್ ಬಳಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಕೊಚ್ಚಿಹೋದವು, ಅದೂ ರಾತ್ರಿ ಹೊತ್ತಿನಲ್ಲಿ. ಯಾವ ಕಾಲದಲ್ಲೂ ರಾತ್ರಿ ಬಸ್ಸು ಬೇಡ. ಮಳೆಗಾಲದ ಕಾಡುದಾರಿಯಲ್ಲಿ ಇಂಬಳಗಳೂ ಕಾಯುತ್ತಿರುತ್ತವೆ, ಮಲೆನಾಡಿನವರಿಗೆ ಅದೇನು ಹೊಸದಲ್ಲ.

ದುಡ್ಡು, ಊಟ, ವಿಮೆ

ನಮ್ಮ 100 ರೂಪಾಯಿಗೆ ಅವರ 160. ಈ ಲೆಕ್ಕ ಬದಲಾಗುವುದಿಲ್ಲ. ಹೋಟೆಲಿನವರು ಬೆಲೆ ಹೇಳಿದಾಗ "ಐಸಿಯೋ ಎನ್‌ಸಿಯೋ" ಅಂತ ಕೇಳಿ. ಐಸಿ ಅಂದರೆ ನಮ್ಮ ದುಡ್ಡು, ಎನ್‌ಸಿ ಅವರದು. ನೂರರ ನೋಟುಗಳನ್ನು ಇಟ್ಟುಕೊಳ್ಳಿ, ದೊಡ್ಡ ನೋಟಿನ ತಂಟೆ ಬೇಡ. ಊರುಗಳಲ್ಲಿ ಎಷ್ಟೋ ಅಂಗಡಿಗಳಲ್ಲಿ ಯುಪಿಐ ನಡೆಯುತ್ತದೆ. ಬೆಟ್ಟದ ಮೇಲೆ ನೋಟು ಮಾತ್ರ.

ಸಸ್ಯಾಹಾರಿಗಳಿಗೆ ಕಷ್ಟವಿಲ್ಲ. ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿಯ ದಾಲ್ ಭಾತ್ ಎಲ್ಲೆಡೆ ಸಿಗುತ್ತದೆ, ಎರಡನೇ ಸಲ ಬಡಿಸುತ್ತಾರೆ. ಭಕ್ತಪುರ, ಪಾಟನ್‌ನಲ್ಲಿ ಕಣಿವೆಯ ಮೂಲನಿವಾಸಿಗಳಾದ ನೇವಾರರ ಬಾರಾ ತಿನ್ನಿ, ಉದ್ದಿನ ಹಿಟ್ಟಿನದು. ಮೊಟ್ಟೆ, ಮಾಂಸ ಹಾಕದ್ದು ಅಂತ ಕೇಳಿ ತೆಗೆದುಕೊಳ್ಳಿ. ಚಾರಣದ ದಾರಿಯಲ್ಲಿ ಕೋಣೆಯ ಬಾಡಿಗೆ ಕಡಿಮೆ ಇರುತ್ತದೆ, ಯಾಕೆಂದರೆ ಊಟ ಅಲ್ಲೇ ಮಾಡಬೇಕು ಅನ್ನುವುದು ಒಪ್ಪಂದ. ಎಂಟಿಆರ್ ಪೊಟ್ಟಣ ತಂದು ಬಿಸಿನೀರು ಮಾತ್ರ ಕೇಳಬೇಡಿ.

ಚಾರಣಕ್ಕೆ ಹೋಗುವವರು ವಿಮೆ ಮಾಡಿಸುವಾಗ ಎರಡು ಸಾಲು ಓದಿ: ಎಷ್ಟು ಮೀಟರ್ ಎತ್ತರದವರೆಗೆ ಅನ್ವಯ, ಹೆಲಿಕಾಪ್ಟರ್ ರಕ್ಷಣೆ ಸೇರಿದೆಯಾ. ನಮ್ಮ ಸಾಮಾನ್ಯ ಪ್ರವಾಸಿ ವಿಮೆಯಲ್ಲಿ ಎಷ್ಟೋ ಸಲ ಎರಡೂ ಇರುವುದಿಲ್ಲ. ಬೇಡದ ಹೆಲಿಕಾಪ್ಟರ್ ಹತ್ತಿಸಿ ವಿಮೆಯವರಿಂದ ದುಡ್ಡು ಎಳೆಯುವ ಜಾಲ 2018ರಲ್ಲಿ ಅಲ್ಲಿನ ಸರ್ಕಾರದ ತನಿಖೆಯಲ್ಲೇ ಬಯಲಾಗಿತ್ತು. ಹಾಗಾಗಿ ಪ್ರಾಣಕ್ಕೆ ತೊಂದರೆ ಇಲ್ಲದಿದ್ದರೆ ಮೊದಲು ವಿಮೆ ಕಂಪನಿಯ ನಂಬರಿಗೆ ಫೋನ್ ಮಾಡಿ, ಆಮೇಲೆ ಹೆಲಿಕಾಪ್ಟರ್. ಆ ನಂಬರನ್ನು ಮೊಬೈಲಿನಲ್ಲಷ್ಟೇ ಅಲ್ಲ, ಚೀಟಿಯಲ್ಲಿ ಬರೆದು ಗೈಡ್ ಕೈಯಲ್ಲೂ ಒಂದು ಕೊಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.